ನೂರ ನಲವತ್ತಮೂರನೇ ಪುಟ

ಪೈನ್ ನ್ಯಾರೋಸ್, ಒಂಟಾರಿಯೊ
17 ಜನವರಿ 2022

ಪ್ರಿಯ ಜಿಸೆಲ್,

ಕಳೆದ ಅಕ್ಟೋಬರ್ ಕೊನೆಯ ವಾರ ನಮ್ಮೂರ ಲೈಬ್ರರಿಯಲ್ಲಿ ಏಳು ಜನರನ್ನು ಎರಡನೇ ಸಲ ಮುಳುಗಿಸಿದರು. ನನಗೆ ಗೊತ್ತಾದದ್ದು ಈ ತಿಂಗಳ ಮೊದಲ ವಾರ. ಕೋಪ ಇಳಿಯಲಿ ಎಂದು ಹತ್ತು ದಿನ ಕಾದೆ. ಇಳಿಯಲಿಲ್ಲ. ಟೈಪ್‌ರೈಟರ್ ಮುಂದೆ ಕೂತಿದ್ದೇನೆ.

ಮೊದಲ ಸಲ ಅವರು ಮುಳುಗಿದ್ದು 1947ರ ಮೇ ಒಂಬತ್ತರಂದು. ಹೆರಾನ್ ನದಿಯ ಹಿಮ ಒಡೆದ ದಿನ, ಗಿರಣಿಗೆ ತೇಲಿಸಿ ತರುವ ದಿಮ್ಮಿಗಳ ತಡೆ ಕಿತ್ತುಬಂದು ಹತ್ತೊಂಬತ್ತು ಜನ ಹೋದರು. ಕಾಗದದ ಗಿರಣಿ ಹೊರಡಿಸಿದ ಪಟ್ಟಿಯಲ್ಲಿ ಹನ್ನೆರಡೇ ಹೆಸರು. ಉಳಿದ ಏಳು ಮಂದಿ ಗುತ್ತಿಗೆದಾರ ಕರೆತಂದವರು, ಮೇಲಿನ ಕ್ಯಾಂಪಿನಲ್ಲಿ ಮಲಗುತ್ತಿದ್ದವರು. ಗಿರಣಿಯ ಪಾಲಿಗೆ ಅವರು ಬದುಕಿಯೇ ಇರಲಿಲ್ಲ, ಹಾಗಾಗಿ ಸಾಯಲೂ ಇಲ್ಲ. ಎಡ್ನಾ ಫಾಕ್ಸ್‌ಟನ್ ಟೀಚರ್ ಹದಿನಾಲ್ಕು ವರ್ಷದ ನಂತರ ಮನೆಮನೆ ತಿರುಗಿ, ಸರೋವರದಾಚೆಗೂ ದೋಣಿಯಲ್ಲಿ ಹೋಗಿ, ಆ ಏಳು ಹೆಸರನ್ನು ಹುಡುಕಿ ತಂದು ತಮ್ಮ ‘ದಿಮ್ಮಿಗಳ ಊರು’ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅದು 1961. ನನಗಾಗ ಹದಿನಾರು. ತರಗತಿಯಲ್ಲಿ ಎದ್ದು ನಿಂತು ಆ ಪುಟ ಓದಿದವನು ನಾನೇ. ಇದೆಲ್ಲ ನಿಮಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇಲ್ಲಿ ಈಗ ಯಾರಿಗೂ ಏನೂ ಗೊತ್ತಿಲ್ಲದ ಹಾಗೆ ಮಾತು ನಡೆಯುತ್ತಿದೆ.

ಈ ಮೇ ಒಂಬತ್ತಕ್ಕೆ ಎಪ್ಪತ್ತೈದು ವರ್ಷ. ಲೈಬ್ರರಿಯ ಮುಂದೆ ಸತ್ತವರ ನೆನಪಿನ ಕಲ್ಲು ನಿಲ್ಲಿಸುತ್ತಾರೆ. ಹೆಸರುಗಳನ್ನು ಎಲ್ಲಿಂದ ತೆಗೆದರು ಗೊತ್ತೇ? ಲೈಬ್ರರಿ ಅಕ್ಟೋಬರಿನಲ್ಲಿ ಪರದೆಯ ಮೇಲೆ ತಂದಿತಲ್ಲ, ಆ ಇ-ಪುಸ್ತಕದಿಂದ. ಅದರಲ್ಲಿರುವುದು ಹನ್ನೆರಡು. ಮೇಲೆ ‘1961’ ಎಂದು ಬರೆದಿದೆ, ಟೀಚರ್ ಹೆಸರಿದೆ. ಏಳು ಜನರ ಪುಟ ಮಾತ್ರ ಇಲ್ಲ. ನಾನು ಮೂರು ಸಲ ಮೊದಲಿಂದ ಕೊನೆವರೆಗೆ ನೋಡಿದೆ.

ನಿಮ್ಮ ಜಾಗಕ್ಕೆ ಬಂದಿರುವ ಶೆಲಿ ಬೊಡ್ನಾರ್‌ಳನ್ನು ಕೇಳಿದೆ. ಒಳ್ಳೆಯ ಹುಡುಗಿ, ಆದರೆ ಪರದೆ ಹೇಳಿದ್ದೇ ವೇದ.

“ಪೆಟಿಗ್ರೂ ಅವರೇ, ಕ್ಯಾಟಲಾಗಲ್ಲಿ 1961 ಅಂತಿದೆ ನೋಡಿ. ಇದೇ ಪುಸ್ತಕ.”

“ಕಾಗದದ ಪುಸ್ತಕ ತೋರಿಸಮ್ಮ.”

“ಸ್ಕ್ಯಾನ್ ಮಾಡೋಕೆ ಬೈಂಡಿಂಗ್ ಬಿಚ್ಚಿದ್ರು. ಆಮೇಲೆ ಅದು ಉಳೀಲಿಲ್ಲ.”

ಉಳಿಯಲಿಲ್ಲ! ಆ ಪುಸ್ತಕ ನಮ್ಮಮ್ಮನದು, ಜಿಸೆಲ್. ಮನೆಗಿಂತ ಲೈಬ್ರರಿಯಲ್ಲಿ ಭದ್ರವಾಗಿರುತ್ತದೆ ಎಂದು ನಾನೇ 1988ರಲ್ಲಿ ನಿಮ್ಮ ಕೈಗೆ ಕೊಟ್ಟೆ.

ಹೆಲ್ವಿ ರಾಂತಾಗೆ ಹೇಳಲು ಹೋದೆ. ಅವಳಪ್ಪ ಟೊಯ್ವೊ ಆ ಏಳರಲ್ಲಿ ಒಬ್ಬ. ಅವನು ಹೋದಾಗ ಇವಳಿಗೆ ಆರು ವರ್ಷ. ಈಗ ಎಂಬತ್ತೊಂದು, ಕಿವಿ ಪೂರ್ತಿ ಮಂದ, ಇನ್ನೂ ಸೌನಾದ ಹಬೆಸ್ನಾನಕ್ಕೆ ತಾನೇ ಕಟ್ಟಿಗೆ ಸೀಳುತ್ತಾಳೆ. ನಾನು ಎರಡು ಸಲ ಕೂಗಿ ಹೇಳಿದ ಮೇಲೆ ಕೊಡಲಿ ಕೆಳಗಿಟ್ಟಳು. “ನಮ್ಮಪ್ಪ ಚೆನ್ನಾಗಿ ಈಜ್ತಿದ್ದ ಕಣೋ. ಅಂಥವನ್ನ ಎರಡೆರಡು ಸಲ ಮುಳುಗಿಸ್ಬೇಕಾದ್ರೆ ಪಾಪ, ಅವ್ರಿಗೂ ಸುಸ್ತಾಗಿರುತ್ತೆ” ಅಂದಳು. ಮೇಲೆ ಮೊದಲ ಸಾಲಿನಲ್ಲಿ ಬರೆದದ್ದು ನನ್ನ ಮಾತಲ್ಲ, ಅವಳದು.

ಯಾರ ಕೆಲಸ ಇದು ಎಂದು ನಾನು ಹೇಳಬೇಕೇ? ಲೈಬ್ರರಿ ಮಂಡಳಿಯ ಅಧ್ಯಕ್ಷ ಗ್ರೆಗರಿ ಥ್ರೆಲ್ಫಾಲ್. 1947ರಲ್ಲಿ ಗಿರಣಿಯ ಮ್ಯಾನೇಜರ್ ಆಗಿದ್ದವನು ಅವನಜ್ಜ.

ಮೂವತ್ತೊಂದು ವರ್ಷ ಕ್ಯಾಟಲಾಗು ನೋಡಿಕೊಂಡವರು ನೀವು. ಪರದೆಯ ಪುಸ್ತಕದಿಂದ ಒಂದು ಪುಟ ತೆಗೆಯುವುದು ಎಷ್ಟು ಸುಲಭ, ಯಾರ ಕೈಯಿಂದ ಆಗುತ್ತದೆ, ಬರೆಯಿರಿ. ಏಪ್ರಿಲ್ ಇಪ್ಪತ್ತಕ್ಕೆ ಪಟ್ಟಿ ಕಲ್ಲು ಕೆತ್ತುವವರಿಗೆ ಹೋಗುತ್ತದೆ.

ಒಂದು ಸಂತೋಷದ ಸುದ್ದಿಯೂ ಇದೆ. ಸ್ಥಳೀಯ ಚರಿತ್ರೆಯ ಕೋಣೆಗೆ ನಿಮ್ಮ ಹೆಸರಿಡಬೇಕೆಂದು ನಾನು ಮಂಡಳಿಗೆ ಬರೆದಿದ್ದೆ, ಒಪ್ಪಿದ್ದಾರೆ. ಅದೇ ಮೇ ಒಂಬತ್ತಕ್ಕೆ ಫಲಕ ಹಾಕುತ್ತಾರೆ. ಬರಲೇಬೇಕು.

ನಿಮ್ಮ
ಲೋರ್ನ್ ಪೆಟಿಗ್ರೂ


ಮಾಂಕ್ಟನ್, ನ್ಯೂ ಬ್ರನ್ಸ್‌ವಿಕ್
9 ಫೆಬ್ರವರಿ 2022

ಪ್ರಿಯ ಲೋರ್ನ್,

ಉತ್ತರ ತಡವಾಯಿತು. ತಂಗಿಯ ಮಂಡಿ ಶಸ್ತ್ರಚಿಕಿತ್ಸೆ ಆಯಿತು, ಅವಳನ್ನು ಬಚ್ಚಲಿಗೆ ಕರೆದೊಯ್ಯುವುದೇ ಒಂದು ಕೆಲಸ. “ನೀನು ಪುಸ್ತಕ ಹಿಡ್ಕೊಂಡ ಹಾಗೆ ನನ್ನ ಹಿಡೀಬೇಡ, ಬೆನ್ನು ಮುರಿಯುತ್ತೆ” ಅಂತ ಬೈಯುತ್ತಾಳೆ. ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ.

ಫಲಕದ ವಿಷಯ ಓದಿ ನಾಚಿಕೆಯಾಯಿತು. ಅದು ಬೇಡ, ಲೋರ್ನ್. ನಿಜವಾಗಿ ಹೇಳುತ್ತಿದ್ದೇನೆ. ನಾನು ಸಂಬಳಕ್ಕೆ ಮಾಡಿದ ಕೆಲಸ ಅದು.

ನೀವು ಕೇಳಿದ್ದಕ್ಕೆ: ಪರದೆಯ ಪುಸ್ತಕದಿಂದ ಪುಟ ತೆಗೆಯಬಹುದು, ಕಷ್ಟವೇನಲ್ಲ. ಆದರೆ ಹಾಗೆ ಆಗಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಪತ್ರಿಕೆಗಂತೂ ಸದ್ಯಕ್ಕೆ ಬರೆಯಬೇಡಿ. ಮೊದಲು ಒಂದು ಕೆಲಸ ಮಾಡಿ. ಕ್ಯಾಟಲಾಗಿನ ನಮೂದಿನ ಕೆಳಗೆ ಎಷ್ಟು ಪುಟ ಎಂದು ಬರೆದಿರುತ್ತದೆ. ಆ ಸಂಖ್ಯೆ ನೋಡಿ. ಆಮೇಲೆ ಇ-ಪುಸ್ತಕದ ಕೊನೆಯ ಪುಟದ ಸಂಖ್ಯೆ ನೋಡಿ. ಎರಡೂ ಒಂದೇನಾ ಎಂದು ಯೋಚಿಸಿ.

ಹೆಲ್ವಿಗೆ ನನ್ನ ನಮಸ್ಕಾರ. ಅವಳು ಪ್ರತಿ ಮೇ ತಿಂಗಳು ಬಂದು ಆ ಪುಸ್ತಕ ಕೇಳುತ್ತಿದ್ದಳು, ಮನೆಗೆ ಒಯ್ಯುತ್ತಿರಲಿಲ್ಲ. ನಿಂತೇ ಓದಿ ವಾಪಸ್ ಕೊಡುತ್ತಿದ್ದಳು. ಕಣ್ಣಿನ ಪೊರೆ ಬಂದ ಮೇಲೆ ಬರುವುದು ನಿಲ್ಲಿಸಿದಳು.

ನಿಮ್ಮ
ಜಿಸೆಲ್ ಥಿಬೋ


ಪೈನ್ ನ್ಯಾರೋಸ್
21 ಫೆಬ್ರವರಿ 2022

ಪ್ರಿಯ ಜಿಸೆಲ್,

ನಿಮ್ಮ ತಲೆಗೆ ಒಂದು ಸಲಾಂ! ಹೋಗಿ ನೋಡಿದೆ. ಕ್ಯಾಟಲಾಗಿನಲ್ಲಿ 214 ಪುಟ. ಪರದೆಯ ಪುಸ್ತಕ ಮುಗಿಯುವುದು 198ಕ್ಕೆ. ಹದಿನಾರು ಪುಟ ಮಾಯ!

ನಲವತ್ತು ವರ್ಷ ಮುದ್ರಣಾಲಯದಲ್ಲಿ ಕೈ ಕಪ್ಪು ಮಾಡಿಕೊಂಡವನಿಗೆ ಹದಿನಾರು ಎಂದರೆ ಏನೆಂದು ಬೇರೆ ಹೇಳಬೇಕೇ? ಒಂದು ಫಾರಂ. ಒಂದು ದೊಡ್ಡ ಹಾಳೆಯನ್ನು ಮಡಿಸಿ ಹೊಲಿದರೆ ಹದಿನಾರು ಪುಟ. ಒಂದು ಪುಟ ಹರಿದರೆ ಅಂಚು ಕಾಣುತ್ತದೆ. ಹೊಲಿಗೆ ಬಿಚ್ಚಿ ಇಡೀ ಫಾರಂ ಎಳೆದರೆ ಗುರುತೇ ಇರುವುದಿಲ್ಲ. ಕೆಲಸ ಬಲ್ಲವನು ಮಾಡಿದ್ದಾನೆ. ಸ್ಕ್ಯಾನ್ ಮಾಡಲು ಬೈಂಡಿಂಗ್ ಬಿಚ್ಚಿದರು ಎಂದಳಲ್ಲ ಶೆಲಿ, ಆಗಲೇ.

ಪುಟದ ಸಂಖ್ಯೆ ನಡುವೆ ಜಿಗಿದಿಲ್ಲ, ಸರಿಯಾಗಿ ಸಾಗುತ್ತದೆ. ಅದಕ್ಕೂ ಉತ್ತರ ಇದೆ: ಅದನ್ನೂ ತಿದ್ದಿದ್ದಾರೆ. ಕಂಪ್ಯೂಟರಿನಲ್ಲಿ ಹಾಗೆ ಮಾಡುವುದು ಎಷ್ಟು ಹೊತ್ತಿನ ಮಾತು?

ಥ್ರೆಲ್ಫಾಲ್‌ನನ್ನು ಕರ್ಲಿಂಗ್ ಕ್ಲಬ್ಬಿನಲ್ಲಿ ಹಿಡಿದೆ. ಐಸ್ ಮೇಲೆ ಕಲ್ಲು ಜಾರಿಸಿ ಬಂದು ಕೈಗವಸು ಬಿಚ್ಚುತ್ತಿದ್ದ. ಸುತ್ತ ಹತ್ತು ಜನ.

“ಏನ್ ಲೋರ್ನ್, ಆಟಕ್ಕೆ ಬಂದ್ರಾ, ಜಗಳಕ್ಕೆ ಬಂದ್ರಾ?”

“ಕಲ್ಲಿನ ವಿಷಯಕ್ಕೆ ಬಂದೆ. ನಿನ್ನ ಕಲ್ಲಲ್ಲಿ ಏಳು ಹೆಸರು ಕಡಿಮೆ ಇದೆ.”

ನಕ್ಕ. ಅವನ ನಗು ಅವನಜ್ಜನದೇ. “ಹೇಳಿ ಮತ್ತೆ, ಆ ಏಳು ಹೆಸರು.”

ಟೊಯ್ವೊ ರಾಂತಾ, ಉರ್ಹೊ ಕಿವೆಲಾ, ಒನ್ನಿ ಸಾಲ್ಮಿ, ಪೆಟ್ರೋ ಹ್ರಿಂಚುಕ್, ಅವನ ತಮ್ಮ ಇವಾನ್. ಅಲ್ಲಿಗೆ ನಿಂತೆ. ಇನ್ನಿಬ್ಬರು ಸರೋವರದಾಚೆಯ ಮೂಲನಿವಾಸಿಗಳು, ಅನಿಷಿನಾಬೆ ಜನ. ಅವರ ಹೆಸರು ಹದಿನಾರನೇ ವಯಸ್ಸಿನಲ್ಲೇ ನನ್ನ ನಾಲಿಗೆಗೆ ಸರಿಯಾಗಿ ತಿರುಗಿರಲಿಲ್ಲ. ಈಗ ನೆನಪಿಗೂ ಬರಲಿಲ್ಲ.

“ಅಯ್ಯೋ ಬಿಡಿ. ನನಗೆ ನನ್ನ ಫೋನ್ ನಂಬರೇ ನೆನಪಿರಲ್ಲ” ಅಂದ, ಎಲ್ಲರೂ ನಗಲಿ ಎಂದು. ನಕ್ಕರು. ಆಮೇಲೆ ದನಿ ತಗ್ಗಿಸಿ, “ಮಂಡಳಿಗೆ ಅಚ್ಚಾದ ಆಧಾರ ಬೇಕು. ಪುಸ್ತಕ ನಿಮ್ಮ ಕಣ್ಣೆದುರಿಗೇ ಇದೆ. ನಿಮ್ಮ ನೆನಪಿಗೋಸ್ಕರ ಕಲ್ಲು ಕೆತ್ತೋಕಾಗಲ್ಲ” ಅಂದ.

ಅವನು ನನ್ನ ಕಣ್ಣು ನೋಡಿ ಮಾತಾಡಲಿಲ್ಲ. ಬರೆದಿಟ್ಟುಕೊಳ್ಳಿ.

ಇನ್ನೆರಡು ತಿಂಗಳಿದೆ. ಆ ಫಾರಂ ಎಲ್ಲಾದರೂ ಇನ್ನೊಂದು ಪ್ರತಿಯಲ್ಲಿ ಇದ್ದೇ ಇರಬೇಕು. ನಿಮಗೆ ಎಲ್ಲ ಲೈಬ್ರರಿಗಳ ಜನ ಗೊತ್ತು. ವಿಚಾರಿಸಿ.

ಲೋರ್ನ್


ಮಾಂಕ್ಟನ್
19 ಮಾರ್ಚ್ 2022

ಪ್ರಿಯ ಲೋರ್ನ್,

ವಿಚಾರಿಸಿದೆ. ಆರು ಲೈಬ್ರರಿಗಳಿಗೆ ಫೋನ್ ಮಾಡಿದೆ. ಈಗ ನಲವತ್ತೆರಡು ಲೈಬ್ರರಿಗಳಿಗೂ ಒಂದೇ ಕ್ಯಾಟಲಾಗು, ಒಂದೇ ನಮೂದು. ಯಾರನ್ನು ಕೇಳಿದರೂ ‘1961, 214 ಪುಟ’ ಎಂದು ಪರದೆ ನೋಡಿ ಓದುತ್ತಾರೆ. ಕಪಾಟಿನ ತನಕ ಎದ್ದು ಹೋಗಿ ಎಂದು ಬೇಡಿಕೊಂಡೆ. ಇಬ್ಬರು ಹೋದರು. ಒಬ್ಬರ ಹತ್ತಿರ ಪುಸ್ತಕವೇ ಇರಲಿಲ್ಲ. ಇನ್ನೊಬ್ಬರದು 198ಕ್ಕೆ ಮುಗಿಯುತ್ತದೆ.

ಫಾರಂ ಎಳೆದ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅಷ್ಟು ದೂರದ ಊರಿನ ಪುಸ್ತಕದಲ್ಲೂ ಯಾರು ಎಳೆಯುತ್ತಾರೆ? ಎರಡು ಬೇರೆ ಮುದ್ರಣ ಇದ್ದಿರಬಹುದೇ ಎಂದು ಯೋಚಿಸಿದ್ದೀರಾ? ನೀವು ಕೆಲವು ವರ್ಷ ಊರಲ್ಲಿ ಇರಲಿಲ್ಲ, ಅಲ್ಲವೇ?

ಗ್ರೆಗರಿಯ ಜೊತೆ ಜನರೆದುರು ಜಗಳ ಬೇಡ. ವಯಸ್ಸಾದ ಮೇಲೆ ನಮ್ಮ ನೆನಪನ್ನು ನಾವೇ ಪೂರ್ತಿ ನಂಬಲಾಗುವುದಿಲ್ಲ. ನೂರ ನಲವತ್ತಮೂರನೇ ಪುಟದಂಥದ್ದು ಮನಸ್ಸಿನಲ್ಲಿ ಉಳಿಯುತ್ತದೆ, ಅದರ ಸುತ್ತಲಿನದೆಲ್ಲ ಅಳಿಸಿಹೋಗುತ್ತದೆ. ಐದು ಹೆಸರನ್ನಾದರೂ ಕಾಗದದಲ್ಲಿ ಬರೆದು, ಹೆಲ್ವಿಯ ಸಹಿ ಹಾಕಿಸಿ ಮಂಡಳಿಗೆ ಕೊಡಿ. ಶಾಂತವಾಗಿ ಕೊಡಿ.

ಫಲಕದ ವಿಷಯ ಮತ್ತೆ ಹೇಳುತ್ತೇನೆ, ನಿಲ್ಲಿಸಿಬಿಡಿ. ತಂಗಿಯನ್ನು ಬಿಟ್ಟು ಮೇ ತಿಂಗಳಲ್ಲಿ ಬರಲಾಗದು.

ಜಿಸೆಲ್


ಪೈನ್ ನ್ಯಾರೋಸ್
28 ಮಾರ್ಚ್ 2022

ಥಿಬೋ ಅವರಿಗೆ,

ನಾನು ಬರೆಯುವ ಪ್ರತಿ ಪತ್ರದ ಕಾರ್ಬನ್ ಪ್ರತಿ ಇಟ್ಟುಕೊಳ್ಳುತ್ತೇನೆ. ನಿಮಗೆ ಗೊತ್ತು, ಅದಕ್ಕಾಗಿ ನೀವು ನನ್ನನ್ನು ಗೇಲಿ ಮಾಡುತ್ತಿದ್ದಿರಿ. ನಿಮ್ಮ ಪತ್ರ ಬಂದ ಮೇಲೆ ಎರಡೂ ಪ್ರತಿಗಳನ್ನು ಬೆರಳಿಟ್ಟು ಓದಿದೆ. ‘ಆ ಪುಟ’ ಎಂದು ಬರೆದಿದ್ದೇನೆ. ‘ಏಳು ಜನರ ಪುಟ’ ಎಂದು ಬರೆದಿದ್ದೇನೆ. ಸಂಖ್ಯೆ ಎಲ್ಲೂ ಬರೆದಿಲ್ಲ. ನಾನು ಶೆಲಿಗೂ ಹೇಳಿಲ್ಲ, ಥ್ರೆಲ್ಫಾಲ್‌ಗೂ ಹೇಳಿಲ್ಲ. ಬೇಕೆಂದೇ ಹೇಳಿರಲಿಲ್ಲ. ಯಾರ ಬಾಯಿಂದಲಾದರೂ ಅದು ತಾನಾಗಿ ಬರುತ್ತದೆಯೋ ನೋಡೋಣ ಎಂದು ಕಾದಿದ್ದೆ.

ನಿಮ್ಮ ಬಾಯಿಂದ ಬರುತ್ತದೆ ಎಂದುಕೊಂಡಿರಲಿಲ್ಲ.

ಅದು ನೂರ ನಲವತ್ತಮೂರು, ಹೌದು. ನಮ್ಮಮ್ಮ ಆ ಪುಟದ ಮೂಲೆ ಮಡಚಿಟ್ಟಿದ್ದರು. ಮೂವತ್ತೊಂದು ವರ್ಷದಲ್ಲಿ ನಿಮ್ಮ ಕೈಯಲ್ಲಿ ಲಕ್ಷ ಪುಸ್ತಕ ಹಾದುಹೋಗಿವೆ. ಇದೊಂದರ ಒಂದು ಪುಟದ ಸಂಖ್ಯೆ ಮಾಂಕ್ಟನ್‌ನಲ್ಲಿ, ಹಿಮದ ನಡುವೆ, ನಿಮ್ಮ ನಾಲಿಗೆಯ ತುದಿಯಲ್ಲಿ ಹೇಗಿತ್ತು?

ಇನ್ನೂ ಎರಡು ಪ್ರಶ್ನೆ. ಪುಟಗಳನ್ನು ಎಣಿಸಲು ಮೊದಲ ಪತ್ರದಲ್ಲೇ ಯಾಕೆ ಹೇಳಿದಿರಿ? ನಾನು ನಿಮ್ಮ ಹೆಸರಿನ ಫಲಕ ಎಂದಾಗಲೆಲ್ಲ ನೀವು ಬೆಂಕಿ ಮುಟ್ಟಿದವರ ಹಾಗೆ ಯಾಕೆ ಹಿಂದೆ ಸರಿಯುತ್ತೀರಿ?

ಥ್ರೆಲ್ಫಾಲ್ ಒಬ್ಬನೇ ಎಂದುಕೊಂಡಿದ್ದೆ. ಇದರಲ್ಲಿ ಇಬ್ಬರಿದ್ದೀರೋ?

ಲೋರ್ನ್ ಪೆಟಿಗ್ರೂ


ಮಾಂಕ್ಟನ್
5 ಏಪ್ರಿಲ್ 2022

ಲೋರ್ನ್,

ನಿಮ್ಮ ಪತ್ರ ಇವತ್ತು ಬೆಳಿಗ್ಗೆ ಬಂತು. ಇವತ್ತೇ ಬರೆಯುತ್ತಿದ್ದೇನೆ. ನಾಳೆಗೆ ಬಿಟ್ಟರೆ ಮತ್ತೆ ಹವಾಮಾನದ ಬಗ್ಗೆ ಬರೆಯುತ್ತೇನೆ.

ಯಾರೂ ಪುಟ ಹರಿಯಲಿಲ್ಲ. ಫಾರಂ ಎಳೆಯಲಿಲ್ಲ. ಮಾಡಿದವಳು ನಾನು, ಒಂದು ಗುಂಡಿ ಒತ್ತಿ.

2018ರ ಶರತ್ಕಾಲ. ನಲವತ್ತೆರಡು ಲೈಬ್ರರಿಗಳ ಕ್ಯಾಟಲಾಗುಗಳನ್ನು ಒಂದಾಗಿಸುತ್ತಿದ್ದರು. ಯಂತ್ರ ಒಂದೇ ಥರ ಕಾಣುವ ಎರಡು ನಮೂದುಗಳನ್ನು ಪರದೆಯಲ್ಲಿ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸುತ್ತಿತ್ತು. ಕೆಳಗೆ ಎರಡು ಗುಂಡಿ: ‘ಒಂದೇ’, ‘ಬೇರೆ’. ನನ್ನ ಪಾಲಿಗೆ ಹನ್ನೊಂದು ಸಾವಿರ ಜೋಡಿ, ಆರು ವಾರ. ‘ದಿಮ್ಮಿಗಳ ಊರು’ ಎರಡು ಇತ್ತು, ಅದೇ ಹೆಸರು, ಅದೇ ಟೀಚರ್. ಎಡಗಡೆಯದಕ್ಕೆ 1961, 214 ಪುಟ. ಬಲಗಡೆಯದಕ್ಕೆ ವರ್ಷವೇ ಇಲ್ಲ, 198 ಪುಟ. ಕೆಲಸಕ್ಕೆ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ನಾನು ಹೇಳಿಕೊಟ್ಟ ಮೊದಲ ಪಾಠ, ಪುಟ ಹೊಂದದಿದ್ದರೆ ಕುರ್ಚಿ ಬಿಟ್ಟು ಎದ್ದು ಹೋಗಿ ಪುಸ್ತಕ ತಂದು ನೋಡಬೇಕು ಎಂದು. ಅವತ್ತು ನಾನು ಏಳಲಿಲ್ಲ. ಮನೆಗೆ ಹೊರಡಲು ಕೋಟು ಹಾಕಿಕೊಂಡೇ ಕೂತಿದ್ದೆ. ಯಾರೋ ಎಣಿಸುವಾಗ ತಪ್ಪಿರಬೇಕು ಎಂದುಕೊಂಡು ‘ಒಂದೇ’ ಎಂದು ಒತ್ತಿದೆ.

ಯಂತ್ರ ಎಡಗಡೆಯ ನಮೂದನ್ನು ಉಳಿಸಿಕೊಂಡು ಎರಡು ಪುಸ್ತಕಗಳನ್ನೂ ಅದಕ್ಕೆ ಕಟ್ಟಿತು. ಮುಂದಿನ ಬೇಸಿಗೆಯಲ್ಲಿ ಪಟ್ಟಿ ಬಂತು: ಒಂದೇ ಪುಸ್ತಕದ ಎರಡು ಪ್ರತಿ, ಐದು ವರ್ಷದಿಂದ ಯಾರೂ ಮನೆಗೆ ಒಯ್ದಿಲ್ಲ, ಒಂದನ್ನು ತೆಗೆದುಹಾಕಿ. ಹೆಲ್ವಿ ನಿಂತು ಓದಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲವಲ್ಲ. ಎರಡಕ್ಕೂ ನಮ್ಮ ಹಸಿರು ಬೈಂಡಿಂಗ್, ಹೊರಗಿನ ರಕ್ಷಾಪುಟ ಎರಡಕ್ಕೂ ಇರಲಿಲ್ಲ. ಒಂದರ ಹಾಳೆಗಳು ಸಡಿಲ, ಮೂಲೆಗಳು ಮಡಚಿದ್ದವು. ಇನ್ನೊಂದು ಹೊಸದರ ಹಾಗಿತ್ತು. ಹೊಸದನ್ನು ಉಳಿಸಿದೆ. ಹೆಚ್ಚು ಓದಿಸಿಕೊಂಡದ್ದಕ್ಕೇ ಅದು ಹೋಯಿತು, ಲೋರ್ನ್.

ಹಳೆಯ ಪುಸ್ತಕಗಳ ಮಾರಾಟ 2019ರ ಸೆಪ್ಟೆಂಬರ್ ಇಪ್ಪತ್ತೊಂದು, ಶನಿವಾರ. ಮೇಜಿನ ಹಿಂದೆ ನಾನೇ ಕೂತಿದ್ದೆ. ಅದನ್ನು ಕೊಂಡದ್ದು ಗ್ರೆಗರಿ ಥ್ರೆಲ್ಫಾಲ್. ಮಡಚಿದ ಮೂಲೆಯಲ್ಲಿ ಪುಸ್ತಕ ತಾನೇ ತೆರೆದುಕೊಂಡಿತು. ಅವನು ನಿಂತು ಓದಿದ. ಬಹಳ ಹೊತ್ತು. ಹೆಬ್ಬೆರಳು ಪುಟದ ಸಂಖ್ಯೆಯ ಪಕ್ಕದಲ್ಲಿತ್ತು: 143. “ಇದರ ಇನ್ನೊಂದು ಪ್ರತಿ ನಿಮ್ಮ ಹತ್ರ ಇದೆ ಅಲ್ವಾ?” ಅಂತ ಕೇಳಿದ. “ಇದೆ, ಚೆನ್ನಾಗಿರೋದನ್ನೇ ಇಟ್ಕೊಂಡಿದೀವಿ” ಅಂದೆ. “ಒಳ್ಳೇದಾಯ್ತು” ಅಂದು ಒಂದು ಡಾಲರ್ ಇಟ್ಟು ಹೋದ. ಆ ‘ಒಳ್ಳೇದಾಯ್ತು’ ಎನ್ನುವುದನ್ನು ಎರಡೂವರೆ ವರ್ಷದಿಂದ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಸಮಾಧಾನದಿಂದ ಅಂದನೋ, ಬೇರೆ ಯಾವುದರಿಂದಲೋ ನನಗೆ ಇನ್ನೂ ತಿಳಿದಿಲ್ಲ.

ಅವನು ಅಷ್ಟು ಹೊತ್ತು ಏನು ಓದಿದ ಎಂಬ ಕುತೂಹಲಕ್ಕೆ ಅಕ್ಟೋಬರಿನಲ್ಲಿ ನಮ್ಮಲ್ಲಿ ಉಳಿದ ಪ್ರತಿಯ 143 ತೆರೆದೆ. ಚರ್ಚಿನ ಹೊಸ ಗಂಟೆಯ ವಿಷಯವಿತ್ತು. ಎರಡೂ ಬೇರೆ ಬೇರೆ ಮುದ್ರಣ ಎಂದು ಆಗ ಹೊಳೆಯಿತು. ಬೈಂಡಿಂಗಿಗೆ ಕೊಡುವಾಗ ಬಿಚ್ಚಿದ ರಕ್ಷಾಪುಟಗಳನ್ನು ನಾವು ಎಸೆಯುತ್ತಿರಲಿಲ್ಲ. ಹುಡುಕಿದೆ. ಸಿಕ್ಕಿತು. ‘ದೇಶದ ನೂರನೇ ವರ್ಷದ ನೆನಪಿಗೆ ಮರುಮುದ್ರಣ, 1967, ಕಾಗದದ ಗಿರಣಿಯ ಕೊಡುಗೆಯಿಂದ’ ಎಂದು ಅದರ ಹಿಂಬದಿಯಲ್ಲಿ ಮಾತ್ರ ಇದೆ. ಗಿರಣಿ ದುಡ್ಡು ಕೊಟ್ಟಿತು, ಕ್ಯಾಂಪಿನ ಅಧ್ಯಾಯ ಹೋಯಿತು. ನೀವು ಆಗ ವಿನಿಪೆಗ್‌ನಲ್ಲಿದ್ದಿರಿ.

ಡಿಸೆಂಬರಿಗೆ ನನ್ನ ನಿವೃತ್ತಿ. ಕೇಕು ಕತ್ತರಿಸುವ ದಿನ ಗೊತ್ತಾಗಿತ್ತು. ರಕ್ಷಾಪುಟವನ್ನು ಲಕೋಟೆಗೆ ಹಾಕಿ ಮತ್ತೆ ಅಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಆ ಪ್ರತಿಯನ್ನೇ ಸ್ಕ್ಯಾನ್ ಮಾಡಿ, ನನ್ನ ತಪ್ಪು ನಮೂದಿನಿಂದ 1961 ಎಂಬ ವರ್ಷ ತೆಗೆದು ಅದರ ಹಣೆಗೆ ಅಂಟಿಸುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು, ಅದು ನನ್ನ ಕಸುಬು.

ಸ್ಥಳೀಯ ಚರಿತ್ರೆಯ ಕೋಣೆ, ಉಕ್ಕಿನ ಬೀರು, ಮೂರನೇ ಡ್ರಾಯರ್, ‘ಬೈಂಡಿಂಗ್’ ಎಂದು ಬರೆದ ಕಂದು ಲಕೋಟೆ. ಶೆಲಿಯನ್ನು ಕರೆದುಕೊಂಡು ಹೋಗಿ, ಒಬ್ಬರೇ ತೆರೆಯಬೇಡಿ. ಆದರೆ ಆ ಇಬ್ಬರ ಹೆಸರು ರಕ್ಷಾಪುಟದಲ್ಲಿ ಇಲ್ಲ. ಅದು ಇರುವುದು ಗ್ರೆಗರಿ ಕೊಂಡ ಪುಸ್ತಕದಲ್ಲಿ ಮಾತ್ರ. ಒಳಹಾಳೆಯಲ್ಲಿ ಪೆನ್ಸಿಲಿನಲ್ಲಿ ನಿಮ್ಮ ತಾಯಿಯ ಹೆಸರಿದೆ. ಅದನ್ನೂ ನೋಡಿಯೇ ಮಾರಿದೆ.

ಈ ಪತ್ರವನ್ನು ಎಲ್ಲಿ ಬೇಕಾದರೂ ಓದಿ, ನನ್ನ ಹೆಸರು ಹೇಳಿಯೇ ಓದಿ.

ಜಿಸೆಲ್ ಥಿಬೋ


ಪೈನ್ ನ್ಯಾರೋಸ್
14 ಏಪ್ರಿಲ್ 2022

ಜಿಸೆಲ್,

ನಿನ್ನೆ ಪತ್ರ ತಲುಪಿತು. ಶೆಲಿ ಜೊತೆ ಹೋಗಿ ಡ್ರಾಯರ್ ತೆರೆದೆ. ಲಕೋಟೆ ಇತ್ತು. ಅವಳು ಹಿಂಬದಿ ಓದಿ ಕುರ್ಚಿಯ ಮೇಲೆ ಕೂತುಬಿಟ್ಟಳು.

“ಪೆಟಿಗ್ರೂ ಅವರೇ, ನಿಮಗೆ ಸ್ವಲ್ಪ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ.”

“ಯಾವಾಗಿಂದ?”

“ಜನವರಿಯಿಂದ. ಕ್ಷಮಿಸಿ.”

“ಪರವಾಗಿಲ್ಲಮ್ಮ. ಕರ್ಲಿಂಗ್ ಕ್ಲಬ್ಬಿನವರು ಫೆಬ್ರವರಿಯಿಂದ ಅಂದ್ಕೊಂಡಿದ್ದಾರೆ.”

ಅವಳು ಆಗಲೇ ನಮೂದನ್ನು ಎರಡಾಗಿ ಬಿಡಿಸಿ, ಇ-ಪುಸ್ತಕದ ಮೇಲಿನ ವರ್ಷ ತಿದ್ದಿದಳು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ನಾನು ಗಡಿಯಾರ ನೋಡಿದೆ.

ಊರಿನಲ್ಲಿ ಎಲ್ಲರಿಗಿಂತ ಉದ್ದದ ನೆನಪು ನನ್ನದು ಎಂದು ಮೆರೆದವನು ನಾನು. 1964ರಿಂದ ಏಳು ವರ್ಷ ವಿನಿಪೆಗ್‌ನಲ್ಲಿದ್ದೆ. ಅಷ್ಟು ದೊಡ್ಡ ತೂತು ಇಟ್ಟುಕೊಂಡು ಯಾರು ಹರಿದರು, ಯಾರು ಎಳೆದರು ಎಂದು ಬೀದಿಯಲ್ಲಿ ಕೂಗಿದೆ. ಅದು ನನ್ನ ತಪ್ಪು, ಬರೆದು ಒಪ್ಪಿಕೊಳ್ಳುತ್ತೇನೆ.

ಫಲಕದ ಪ್ರಸ್ತಾಪ ತಂದವನು ನಾನು. ಇವತ್ತು ನಾನೇ ವಾಪಸ್ ಪಡೆದೆ. ಕೋಟು ಹಾಕಿಕೊಂಡು ಒತ್ತಿದ ಗುಂಡಿಯನ್ನು ಕ್ಷಮಿಸಬಲ್ಲೆ. ಲಕೋಟೆ ಮತ್ತೆ ಡ್ರಾಯರಿಗೆ ಹೋದದ್ದನ್ನು ಇನ್ನೂ ಕ್ಷಮಿಸಲಾಗುತ್ತಿಲ್ಲ. ಹೆಲ್ವಿಗೆ ನಿಮ್ಮ ಪತ್ರ ಪೂರ್ತಿ ಓದಿ ಹೇಳಿದೆ, ಅಂದರೆ ಕೂಗಿ ಹೇಳಿದೆ. “ಪತ್ರ ಬರ್ದಳಲ್ಲ. ಆ ಗ್ರೆಗರಿ ಬರೀತಾನಾ ಕೇಳು” ಅಂದಳು.

ಕೇಳುತ್ತಿದ್ದೇನೆ. ಪ್ರತಿ ಇದರ ಜೊತೆಗಿದೆ.

ಲೋರ್ನ್


ಪೈನ್ ನ್ಯಾರೋಸ್
14 ಏಪ್ರಿಲ್ 2022

ಲೈಬ್ರರಿ ಮಂಡಳಿಯ ಅಧ್ಯಕ್ಷ ಗ್ರೆಗರಿ ಥ್ರೆಲ್ಫಾಲ್ ಅವರಿಗೆ,
ಬಹಿರಂಗವಾಗಿ. ಪ್ರತಿಗಳು ಮಂಡಳಿಯ ಎಲ್ಲ ಸದಸ್ಯರಿಗೆ, ಪತ್ರಿಕೆಗೆ, ಮತ್ತು ಲೈಬ್ರರಿಯ ಬಾಗಿಲಿಗೆ.

ಲೈಬ್ರರಿಯ ಪುಸ್ತಕದಿಂದ ನೀವು ಪುಟ ತೆಗೆಸಿದಿರಿ ಎಂದು ನಾನು ಮೂರು ತಿಂಗಳಿಂದ ಕಂಡಕಂಡವರಿಗೆ ಹೇಳಿದ್ದೇನೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಪುಟ ತೆಗೆದದ್ದು 1967ರಲ್ಲಿ, ಗಿರಣಿಯ ದುಡ್ಡಿನಲ್ಲಿ. ಎರಡು ಮುದ್ರಣಗಳನ್ನು ಒಂದು ಮಾಡಿದ್ದು 2018ರಲ್ಲಿ, ಲೈಬ್ರರಿಯ ಒಂದು ಗುಂಡಿ. ಅದನ್ನು ಒತ್ತಿದವರು ತಮ್ಮ ಹೆಸರು ಹಾಕಿ ಒಪ್ಪಿಕೊಂಡಿದ್ದಾರೆ, ಪತ್ರ ಇದರ ಜೊತೆಗಿದೆ. ನೀವು ಏನನ್ನೂ ಹರಿಯಲಿಲ್ಲ.

ನೀವು ಕೊಂಡಿರಿ. 2019ರ ಸೆಪ್ಟೆಂಬರ್ ಇಪ್ಪತ್ತೊಂದರಂದು, ಒಂದು ಡಾಲರಿಗೆ, 143ನೇ ಪುಟವನ್ನು ನಿಂತು ಓದಿ ಕೊಂಡಿರಿ. ಒಳಹಾಳೆಯಲ್ಲಿರುವ ಪೆನ್ಸಿಲ್ ಅಕ್ಷರ ನನ್ನ ತಾಯಿಯದು.

ಇನ್ನೊಂದು ಪ್ರತಿ ಲೈಬ್ರರಿಯಲ್ಲಿದೆ ಎಂಬ ನಂಬಿಕೆಯಿಂದ ಸುಮ್ಮನಿದ್ದಿರಿ ಎಂದು ನೀವು ಹೇಳಬಹುದು. ಅಕ್ಟೋಬರ್ ತನಕ ಅದನ್ನು ನಾನೂ ಒಪ್ಪುತ್ತೇನೆ. ಆಮೇಲೆ ಹನ್ನೆರಡು ಹೆಸರಿನ ಪಟ್ಟಿ ನಿಮ್ಮ ಮೇಜಿಗೆ ಬಂತು, ನೀವೇ ಸಹಿ ಹಾಕಿದಿರಿ. ಫೆಬ್ರವರಿಯಲ್ಲಿ ಕರ್ಲಿಂಗ್ ಕ್ಲಬ್ಬಿನಲ್ಲಿ ಹತ್ತು ಜನರ ಮುಂದೆ ಏಳು ಹೆಸರು ಹೇಳಿ ಎಂದು ನನ್ನನ್ನು ಕೇಳಿದಿರಿ. ಐದು ಹೇಳಿ ನಿಂತೆ. ಉಳಿದ ಎರಡು ನಿಮ್ಮ ಮನೆಯ ಕಪಾಟಿನಲ್ಲಿದ್ದವು. ಅದು ಗೊತ್ತಿದ್ದು ಕೇಳಿದಿರಾ? ಮರೆತಿದ್ದಿರಾ? ಮರೆತಿದ್ದರೆ ಹಾಗೆಂದು ಹೇಳಿ, ನನಗೂ ಮರೆವಿದೆ. ಪುಸ್ತಕ ಈಗ ಇಲ್ಲವೆಂದರೆ ಏನು ಮಾಡಿದಿರಿ ಎಂದು ಹೇಳಿ.

ಇದೇ ಮಂಗಳವಾರ, ಏಪ್ರಿಲ್ ಹತ್ತೊಂಬತ್ತು, ಸಂಜೆ ಏಳಕ್ಕೆ ಲೈಬ್ರರಿಯ ಮೇಲಿನ ಸಭಾಂಗಣದಲ್ಲಿ ಮಂಡಳಿಯ ಸಭೆ. ಮರುದಿನ ಪಟ್ಟಿ ಕಲ್ಲು ಕೆತ್ತುವವರಿಗೆ ಹೋಗುತ್ತದೆ. ಸರೋವರದಾಚೆಯ ಜನರಿಗೂ ಹೇಳಿ ಕಳುಹಿಸಿದ್ದೇನೆ, ಬರುತ್ತಿದ್ದಾರೆ. ಪುಸ್ತಕ ತನ್ನಿ. ನೂರ ನಲವತ್ತಮೂರನೇ ಪುಟ ತೆರೆದು ಏಳು ಹೆಸರನ್ನೂ ನೀವೇ ಓದಿ. ಓದಿದ ಮೇಲೆ, ಇಷ್ಟು ದಿನ ಯಾಕೆ ಓದಲಿಲ್ಲ ಎಂದು ಹೇಳಿ.

ಉತ್ತರವನ್ನು ನನಗೆ ಬರೆದು ಕಳಿಸಬೇಡಿ. ಅಲ್ಲಿ, ಎಲ್ಲರ ಎದುರು ಕೊಡಿ. ಮುಂದಿನ ಸಾಲಿನಲ್ಲಿ ಹೆಲ್ವಿ ರಾಂತಾ ಕೂತಿರುತ್ತಾಳೆ. ಅವಳಿಗೆ ಕಿವಿ ಕೇಳಿಸುವುದಿಲ್ಲ. ಜೋರಾಗಿ ಹೇಳಿ.

ಲೋರ್ನ್ ಪೆಟಿಗ್ರೂ